ನೀರು ಕುಡಿದು ಉತ್ತರ ಹೇಳುತ್ತಿದ್ದ ಮಿರ್ಚಾ ಸಾರ್

ಏನೇ ಕೇಳಿ, ಮಿರ್ಚಾ ಸಾರ್ ಮೊದಲು ನೀರು ಕುಡಿಯುತ್ತಿದ್ದರು. ಬರೀ ಒಂದು ಗುಟುಕಲ್ಲ, ಅರ್ಧ ಲೋಟ. ಅಷ್ಟು ಹೊತ್ತೂ ಕೇಳಿದವನು ಬಾಯಿ ಬಿಟ್ಟುಕೊಂಡು ಕಾಯಬೇಕು. ಲೋಟ ಕೆಳಗಿಟ್ಟ ಮೇಲೆ ಎಷ್ಟೋ ಸಲ ಬರುತ್ತಿದ್ದ ಉತ್ತರ "ಗೊತ್ತಿಲ್ಲ". ಅದೂ ಕನ್ನಡದಲ್ಲಿ! ದೋಹಾದ ನಮ್ಮ ಬ್ಯಾಂಕಿನಲ್ಲಿ ನಾನು ಅವರಿಗೆ ಕಲಿಸಿದ ಒಂದೇ ಒಂದು ಕನ್ನಡ ಮಾತು ಅದು.

ರೊಮೇನಿಯಾದವರು. ತಮ್ಮೂರಿನ ಸಣ್ಣ ಬ್ಯಾಂಕಿನ ಕೌಂಟರಿನಲ್ಲಿ ಶುರುಮಾಡಿ, ಮೇಲೇರಿ, ಒಂದು ಕಾಲಕ್ಕೆ ಅಲ್ಲಿನ ಸರ್ಕಾರದ ವಕ್ತಾರರೇ ಆಗಿದ್ದರು. ದಿನಾ ಟೀವಿಯಲ್ಲಿ ಕಾಣಿಸಿಕೊಳ್ಳುತ್ತಿದ್ದ ಮನುಷ್ಯ ಅದನ್ನು ಬಿಟ್ಟು ಮತ್ತೆ ಬ್ಯಾಂಕಿನ ಕೆಲಸ ಹಿಡಿದು ಕತಾರಿಗೆ ಬಂದರು. ನಮ್ಮ ಮೀಡಿಯಾ ಸೆಕ್ಷನ್ನಿನ ಮುಖ್ಯಸ್ಥರು. ಬ್ಯಾಂಕು ಏನು ಹೇಳಬೇಕೆಂದು ಬರೆಯುವುದು ನನ್ನ ಕೆಲಸ, ಹೇಳುವುದು ಅವರ ಕೆಲಸ. ನಾನು ಬರೆದದ್ದರಲ್ಲಿ 'ಖಂಡಿತವಾಗಿ' ಅಂತೇನಾದರೂ ಕಂಡರೆ ಮುಗಿಯಿತು. "ಇದು ನಿನಗೆ ಗೊತ್ತಾ? ಇಲ್ಲ ಅಲ್ಲವಾ? ಖಲಾಸ್" ಎಂದು ಹೊಡೆದುಹಾಕುತ್ತಿದ್ದರು.

ದೋಹಾದ ಬಿನ್ ಒಮ್ರಾನ್ ಬಡಾವಣೆಯಲ್ಲಿ ನನ್ನ ಜೊತೆ ರೂಮಿನಲ್ಲಿದ್ದ ಉಡುಪಿಯ ವಿನ್ಸೆಂಟ್ ಅದೇ ಬ್ಯಾಂಕಿನ ಗುಮಾಸ್ತ. ಅವನಿಗೆ ಇದೆಲ್ಲ ದೊಡ್ಡ ತಮಾಷೆ. "ಎಂತ ವಕ್ತಾರ ಮಾರಾಯ ಇವರು? ಬಾಯಿ ತೆಗೆದ್ರೆ ಗೊತ್ತಿಲ್ಲ ಹೇಳ್ತಾರೆ. ಅಷ್ಟಕ್ಕೆ ಸಂಬಳ ಕೊಡುದಾದ್ರೆ ನಾನೇ ಹೇಳ್ತಿದ್ದೆ" ಎನ್ನುತ್ತಿದ್ದ. ನಾನೂ ನಗುತ್ತಿದ್ದೆ.

ನಗು ನಿಂತದ್ದು ನಮ್ಮ ಬ್ಯಾಂಕು ಇನ್ನೊಂದರ ಜೊತೆ ಸೇರುತ್ತದೆಂಬ ಸುದ್ದಿ ಬಂದಾಗ. ನನ್ನ ಹೆಂಡತಿ ಸವಿತಾ ಮೈಸೂರಿನಲ್ಲಿ ಕಾಲೇಜು ಲೆಕ್ಚರರ್, ಪರ್ಮನೆಂಟ್ ಕೆಲಸ. ಅದಕ್ಕೆ ರಾಜೀನಾಮೆ ಕೊಟ್ಟು ಮಗಳನ್ನು ಕರೆದುಕೊಂಡು ದೋಹಾಕ್ಕೆ ಬರುವುದೆಂದು ಆಗಲೇ ತೀರ್ಮಾನವಾಗಿತ್ತು. ಅಲ್ ಥುಮಾಮಾದಲ್ಲಿ ಮನೆಯನ್ನೂ ನೋಡಿಟ್ಟಿದ್ದೆ.

ಸಿಬ್ಬಂದಿ ಸಭೆಗೆ ಮಿರ್ಚಾ ಸಾರ್ ಓದಬೇಕಾದ ಮಾತನ್ನು ನಾನೇ ಬರೆದುಕೊಟ್ಟೆ: ಯಾರ ಕೆಲಸಕ್ಕೂ ಕುತ್ತಿಲ್ಲ. ಮೇಲಿನವರ ಅಪ್ಪಣೆ ಅದು. ಅವರು ಆ ಚೀಟಿಯನ್ನು ಮಡಚಿ ಜೇಬಿಗೆ ಹಾಕಿಕೊಂಡು, "ಕೆಲವರ ಕೆಲಸ ಹೋಗಬಹುದು. ಯಾರದು ಅಂತ ಗೊತ್ತಿಲ್ಲ. ಗೊತ್ತಾದ ದಿನ ನಾನೇ ಹೇಳುತ್ತೇನೆ" ಅಂದುಬಿಟ್ಟರು.

ತಡೆಯಲಾರದೆ ಎದ್ದುನಿಂತು ಕೇಳಿದೆ: "ಸಾರ್, ಫ್ಯಾಮಿಲಿ ಕರ್ಕೊಂಡು ಬರಬಹುದಾ?"

ನೀರು ಕುಡಿದರು. "ಗೊತ್ತಿಲ್ಲ. ಗೊತ್ತಾಗುವವರೆಗೆ ನಿನ್ನ ಹೆಂಡತಿಯ ಕೆಲಸ ಬಿಡಿಸಬೇಡ."

ಸಭೆ ಮುಗಿದದ್ದೇ ಅವರ ಕ್ಯಾಬಿನ್ನಿಗೆ ನುಗ್ಗಿ, ಒಂದು ಧೈರ್ಯದ ಮಾತು ಹೇಳಿದ್ದರೆ ನಿಮ್ಮ ಗಂಟೇನು ಹೋಗುತ್ತಿತ್ತು ಎಂದು ರೇಗಿದೆ. ಅವರು ಕೋಪ ಮಾಡಿಕೊಳ್ಳಲಿಲ್ಲ.

"ಹಿಂದೆ ಹೇಳಿದ್ದೆ," ಅಂದರು. "ಟೀವಿಯಲ್ಲಿ. ನಮ್ಮೂರ ಫ್ಯಾಕ್ಟರಿ ಖಂಡಿತ ಮುಚ್ಚುವುದಿಲ್ಲ ಅಂತ. ಹಾಗೆ ಹೇಳು ಅಂದಿದ್ದರು, ಹೇಳಿದೆ. ನನ್ನ ತಂಗಿ ಅದನ್ನು ಕೇಳಿ, ಅದೇ ಫ್ಯಾಕ್ಟರಿಯಲ್ಲಿದ್ದ ಗಂಡನಿಗೆ ಇಟಲಿಯಲ್ಲಿ ಕೆಲಸ ಸಿಕ್ಕಿದ್ದರೂ ಹೋಗಲು ಬಿಡಲಿಲ್ಲ. ಅಣ್ಣನೇ ಹೇಳಿದ್ದಾನಲ್ಲ! ಫ್ಯಾಕ್ಟರಿ ಮುಚ್ಚಿತು. ಅವಳು ನನ್ನನ್ನು ಬೈಯಲೂ ಇಲ್ಲ. ಬೈದಿದ್ದರೆ ಚೆನ್ನಾಗಿತ್ತು."

ವಕ್ತಾರನ ಕುರ್ಚಿ ಬಿಟ್ಟದ್ದು ಆಮೇಲೆಯಂತೆ. ನಾನು ಹೊರಗೆ ಬಂದು ಸವಿತಾಗೆ ಫೋನ್ ಮಾಡಿದೆ.

"ರಾಜೀನಾಮೆ ಲೆಟರ್ ಕೊಡಬೇಡ ಕಣೇ."

"ರೀ, ನಾಳೆ ಕೊಡೋಣ ಅಂತ ಬ್ಯಾಗಲ್ಲೇ ಇಟ್ಕೊಂಡಿದೀನಿ! ನಿಮ್ಮ ಆ ನೀರು ಕುಡಿಯೋ ಸಾರ್ ಗೊತ್ತಿಲ್ಲ ಅಂದ್ರೆ ನಾವು ಹಿಂಗೇ ಬೇರೆಬೇರೆ ಇರಬೇಕಾ?" ಅಳುತ್ತಾ ಫೋನಿಟ್ಟಳು. ಲೆಟರ್ ಕೊಡಲಿಲ್ಲ, ಆದರೆ ಎಷ್ಟೋ ದಿನ ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ.

ಕೊನೆಗೆ ನಮ್ಮ ಸೆಕ್ಷನ್ನೇ ಮುಚ್ಚಿತು. ಗೊತ್ತಾದ ದಿನವೇ ಮಿರ್ಚಾ ಸಾರ್ ನಮ್ಮನ್ನೆಲ್ಲ ಕರೆದು, ಒಬ್ಬೊಬ್ಬರ ಮುಖ ನೋಡಿ ಹೇಳಿದರು. ಮೊದಲು ಹೇಳಿದ್ದು ತಮ್ಮದೇ ಹೆಸರು. ನಾನು ಕೆಲಸಕ್ಕಾಗಿ ಅಲೆದ ಆ ತಿಂಗಳುಗಳಲ್ಲಿ ಮನೆ ನಡೆದದ್ದು, ಮಗಳು ಸ್ಕೂಲಿಗೆ ಹೋದದ್ದು ಸವಿತಾಳ ಸಂಬಳದಿಂದ. ಅವಳು ಆ ಲೆಟರ್ ಕೊಟ್ಟುಬಿಟ್ಟಿದ್ದರೆ ಅದೂ ಇರುತ್ತಿರಲಿಲ್ಲ. ನನ್ನ ಸಂಸಾರ ಬೀದಿಗೆ ಬೀಳದಂತೆ ಕಾದದ್ದು ಆ ಮನುಷ್ಯನ ಒಂದು 'ಗೊತ್ತಿಲ್ಲ'.

ಅವರು ಊರಿಗೆ ಹೊರಟ ದಿನ ವಿಮಾನ ನಿಲ್ದಾಣಕ್ಕೆ ಹೋಗಿದ್ದೆ. ಅಷ್ಟರಲ್ಲಿ ದೋಹಾ ಅಲ್ ಜದೀದಾದ ಒಂದು ಆಫೀಸಿನಲ್ಲಿ ನನಗೆ ಕೆಲಸ ಸಿಕ್ಕಿತ್ತು, ಇನ್ನೂ ಪ್ರೊಬೇಷನ್. ಸವಿತಾ ತಾನೇ ಥ್ಯಾಂಕ್ಸ್ ಹೇಳಬೇಕೆಂದು ವೀಡಿಯೋ ಕಾಲ್ ಮಾಡಿದಳು. ಹೇಳಿದವಳು ಅಷ್ಟಕ್ಕೇ ಬಿಡದೆ, "ಸಾರ್, ಈಗಲಾದರೂ ನಾನು ಅಲ್ಲಿಗೆ ಬರಬಹುದಾ?" ಎಂದು ಇಂಗ್ಲಿಷಿನಲ್ಲಿ ಕೇಳಿದಳು.

ಮಿರ್ಚಾ ಸಾರ್ ನನ್ನ ಕೈಯಲ್ಲಿದ್ದ ಬಾಟಲಿ ತೆಗೆದುಕೊಂಡು ಅರ್ಧ ಕುಡಿದರು. "ಗೊತ್ತಿಲ್ಲ," ಅಂದರು. "ಈಗ ಅದನ್ನು ಹೇಳಬೇಕಾದವನು ಇವನು." ಬಾಟಲಿಯನ್ನು ನನಗೆ ಕೊಟ್ಟು, ಭುಜ ತಟ್ಟಿ, ಪೆಟ್ಟಿಗೆ ಎಳೆದುಕೊಂಡು ನಡೆದರು.

ಸವಿತಾ ಕಾಯುತ್ತಿದ್ದಳು. ಖಂಡಿತ ಬಾ ಅನ್ನುವ ಮಾತು ಬಾಯಿಯವರೆಗೂ ಬಂದಿತ್ತು. ಉಳಿದಿದ್ದ ನೀರನ್ನು ಪೂರ್ತಿ ಕುಡಿದೆ.

"ಇನ್ನೂ ಗೊತ್ತಿಲ್ಲ ಕಣೇ. ಗೊತ್ತಾದ ದಿನ ನಾನೇ ಹೇಳ್ತೀನಿ."

ತಲೆ ಎತ್ತಿ ನೋಡಿದಾಗ ಅವರು ಒಳಗೆ ಹೋಗಿಯಾಗಿತ್ತು.