ಕಳಲೆ ಸಾರೂ ಗುಂಡಯ್ಯನ ಇಂಜೆಕ್ಷನ್ನೂ

ಹೊಂಗಡಹಳ್ಳದ ಗುಂಡಯ್ಯ ಮರಗಸಿಯಲ್ಲಿ ಎತ್ತಿದ ಕೈ. ಕಾಫಿ ಗಿಡಗಳಿಗೆ ಬಿಸಿಲು ಬೀಳಲೆಂದು ನೆರಳಿನ ಮರಗಳ ಕೊಂಬೆ ಕಡಿಯಲು ಸರಸರನೆ ಹತ್ತುವ ಈ ಮಹಾರಾಯ, ಕಳಲೆ ಸಾರು ಎಂದರೆ ಅಷ್ಟೇ ಬೇಗ ಇಳಿಯುತ್ತಿದ್ದ.

ಹೋದ ವರ್ಷ ಅವನ ಕಿಡ್ನಿಯ ಕ್ಯಾನ್ಸರ್ ಶ್ವಾಸಕೋಶಕ್ಕೂ ಹರಡಿತು. ಮಂಗಳೂರಿನ ಆಸ್ಪತ್ರೆಯಲ್ಲಿ ಹೊಸ ಬಗೆಯ ಇಂಜೆಕ್ಷನ್ ಶುರುವಾಯಿತು.

"ರೋಗದ ಜೊತೆ ಹೋರಾಡೋ ನಿಮ್ಮ ಮೈಯ ಶಕ್ತಿಗೆ ಕ್ಯಾನ್ಸರ್ ಬ್ರೇಕ್ ಹಾಕಿಬಿಟ್ಟಿದೆ. ಈ ಮದ್ದು ಆ ಬ್ರೇಕ್ ತೆಗೆಯುತ್ತೆ," ಎಂದು ಡಾಕ್ಟರ್ ಕೃತಿಕಾ ವಿವರಿಸಿದ್ದರು. "ಆದರೆ ಆಮೇಲೆ ಆ ಶಕ್ತಿ ಕರುಳಿನಂಥ ಒಳ್ಳೆಯ ಅಂಗಗಳ ಮೇಲೂ ಬೀಳಬಹುದು. ಭೇದಿ ಆದರೆ ಮನೆಮದ್ದು ಬೇಡ, ತಕ್ಷಣ ಫೋನ್ ಮಾಡಿ."

ಗೆಡ್ಡೆಗಳು ಕುಗ್ಗತೊಡಗಿದವು. ಅಷ್ಟರಲ್ಲಿ ಮಳೆ ಹಿಡಿದು ಬಿದಿರ ಮೆಳೆಯಲ್ಲಿ ಕಳಲೆ ಮೂಡಿತು. ಹೆಚ್ಚಿದ ಕಳಲೆಯನ್ನು ದಿನಾ ನೀರು ಬದಲಿಸುತ್ತ ಮೂರು ದಿನ ನೆನೆಸಬೇಕು, ಇಲ್ಲದಿದ್ದರೆ ಹೊಟ್ಟೆ ಕೆಡುತ್ತದೆ. ಗಂಡನ ಕಾಟ ತಾಳಲಾರದೆ ಮುನಿಯಮ್ಮ ಒಂದು ದಿನ ಮೊದಲೇ ಸಾರು ಮಾಡಿದಳು. ಮಾರನೇ ದಿನವೇ ಅವನಿಗೆ ಭೇದಿ.

"ಕಳಲೆ ಸರಿಯಾಗಿ ನೆಂದಿಲ್ಲ ಕಣೇ," ಎಂದು ಗುಂಡಯ್ಯ ಪಾಪದ ಕಳಲೆಯ ಮೇಲೆ ಗೂಬೆ ಕೂರಿಸಿದ. ತಪ್ಪು ತನ್ನದೇ ಎಂದು ಕೊರಗುತ್ತ ಮುನಿಯಮ್ಮ ದಾಳಿಂಬೆ ಸಿಪ್ಪೆಯ ಕಷಾಯ ಕುಡಿಸಿದಳು. ಭೇದಿ ನಿಲ್ಲಲಿಲ್ಲ. ರಕ್ತವೂ ಕಾಣಿಸಿತು. ಆಗ ಅವಳಿಗೆ ತಟ್ಟನೆ ಹೊಳೆಯಿತು: ಅದೇ ಸಾರನ್ನು ತಾನೂ ಉಂಡಿದ್ದಳಲ್ಲ!

"ನಂಗೇನೂ ಆಗಿಲ್ಲ ಕಣ್ರೀ! ಇದು ಕಳಲೆದಲ್ಲ, ಡಾಕ್ಟ್ರಮ್ಮ ಹೇಳಿದ್ದೇ ಇದು. ಫೋನ್ ಕೊಡಿ."

ಗುಂಡಯ್ಯ ಫೋನನ್ನು ದಿಂಬಿನಡಿ ತಳ್ಳಿದ. "ಬ್ಯಾಡ ಕಣೇ. ಹೇಳಿದ್ರೆ ಇಂಜೆಕ್ಷನ್ ನಿಲ್ಲಿಸ್ಬುಡ್ತಾರೆ. ಗೆಡ್ಡೆ ತಿರ್ಗಾ ಬೆಳೆದ್ರೆ ಸತ್ತೋಗ್ತೀನಿ." ಮರದ ತುದಿಯಲ್ಲೂ ಹೆದರದವನು ಅಳುತ್ತಿದ್ದ. ಆದರೂ ಮುನಿಯಮ್ಮ ಫೋನ್ ಕಿತ್ತುಕೊಂಡು ಡಾಕ್ಟರಿಗೆ ಮಾಡಿದಳು.

ಅಂದೇ ಆಸ್ಪತ್ರೆಗೆ ಸೇರಿಸಿಕೊಂಡು, ಕರುಳಿನ ಉರಿಯೂತ ಇಳಿಯಲು ಸ್ಟೆರಾಯ್ಡ್ ಕೊಟ್ಟರು. ಜೀವ ಉಳಿಯಿತು, ಆದರೆ ಅವನು ಹೆದರಿದಂತೆಯೇ ಇಂಜೆಕ್ಷನ್ ನಿಂತಿತು. ಊರಿಗೆ ಬಂದ ಮೇಲೆ ಗುಂಡಯ್ಯ ಹೆಂಡತಿಯೊಡನೆ ಸರಿಯಾಗಿ ಮಾತೇ ಆಡಲಿಲ್ಲ.

ಈ ಬೇಸಿಗೆಯಲ್ಲಿ ಸ್ಕ್ಯಾನ್ ಆಯಿತು. ಗೆಡ್ಡೆಗಳು ಇನ್ನಷ್ಟು ಕುಗ್ಗಿದ್ದವು.

"ಎಲ್ಲರಿಗೂ ಹೀಗಾಗಲ್ಲ," ಎಂದರು ಕೃತಿಕಾ. "ಮದ್ದು ನಿಂತರೂ ನಿಮ್ಮ ಮೈ ಹೋರಾಟ ನಿಲ್ಲಿಸಿಲ್ಲ. ತಪಾಸಣೆಗೆ ಮಾತ್ರ ಬರ್ತಾ ಇರಿ."

ಮತ್ತೆ ಮಳೆ ಬಂತು. ಮುನಿಯಮ್ಮ ಕಳಲೆ ನೆನೆಹಾಕಿದಳು. ಗುಂಡಯ್ಯ ಅಡುಗೆಮನೆಗೆ ಇಣುಕಿದ. "ಸಾರು ಯಾವಾಗ್ಲೇ?"

"ನಾಳಿದ್ದು. ತಡ್ಕೊಳ್ಳಿ. ಆಗ್ಲೂ ಇರ್ತೀರಲ್ಲ ನೀವು," ಎಂದಳು.

ಗುಂಡಯ್ಯ ತಾನೇ ಪಾತ್ರೆ ಎತ್ತಿಕೊಂಡು ಹೋಗಿ ಕಳಲೆಯ ನೀರು ಬದಲಿಸಿದ.