ಸೀಟು ಮುಟ್ಟದ ಟ್ರಯಲ್ ಅಕ್ಕ

ಎರಡು ತಿಂಗಳ ಹಿಂದಿನ ಒಂದು ಬೆಳಗಿನ ಜಾವ. ಬೀದಿದೀಪಗಳು ಇನ್ನೂ ಆರಿಲ್ಲ. ಮೂಲೆ ಕಟ್ಟಡದ ಮೆಟ್ಟಿಲ ಕೆಳಗಿನ ಪುಟ್ಟ ಅಂಗಡಿಯ ಷಟರ್ ಅರ್ಧ ಮೇಲೆದ್ದಿದೆ. ಅದರಡಿಯಿಂದ ಮೊದಲು ಒಂದು ತೆಳುವಾದ ಚಕ್ರ ಹೊರಬರುತ್ತದೆ, ಆಮೇಲೆ ಟಗರಿನ ಕೊಂಬಿನಂತೆ ಬಾಗಿದ ಹ್ಯಾಂಡಲ್ಲು, ಕೊನೆಗೆ ಗಂಡಸರ ಹಳೇ ಅಂಗಿ ತೊಟ್ಟ, ಐದಡಿ ಮುಟ್ಟದ ಒಬ್ಬ ಹೆಂಗಸು. ಸೈಕಲ್ಲಿನ ಸೀಟು ಅವರ ಎದೆಮಟ್ಟಕ್ಕಿದೆ. ಅದರ ಮೇಲೆ ಕೂರುವ ಯೋಚನೆಯನ್ನೇ ಅವರು ಮಾಡುವುದಿಲ್ಲ. ಎಡಗಾಲನ್ನು ಪೆಡಲ್ಲಿನ ಮೇಲಿಟ್ಟು, ಬಲಗಾಲಿನಿಂದ ನೆಲವನ್ನು ಎರಡು ಸಲ ಒದ್ದು, ಸೈಕಲ್ಲನ್ನು ಓರೆ ಮಾಡಿ ಹತ್ತಿ, ಪೆಡಲ್ಲುಗಳ ಮೇಲೆ ನಿಂತೇ ಹೊರಟುಬಿಡುತ್ತಾರೆ.

ಇಸ್ತ್ರಿ ಅಂಗಡಿ ದಾಟಿ, ಶಾಲೆಯ ಗೋಡೆ ಪಕ್ಕದ ಇಳಿಜಾರಿನಲ್ಲಿ ಸುಯ್ಯನೆ ಇಳಿದು, ರಸ್ತೆಯ ಉಬ್ಬಿನ ಮೇಲೆ ಬೇಕೆಂದೇ ಧಡಕ್ಕನೆ ಹಾರಿಸಿ, ನೀರಿನ ಟ್ಯಾಂಕಿಗೆ ಒಂದು ಸುತ್ತು ಬಂದು, ಏರಿನಲ್ಲಿ ಹಲ್ಲು ಕಚ್ಚಿ ತುಳಿದು ವಾಪಸ್ಸಾಗುತ್ತಾರೆ. ಇಳಿದ ಮೇಲೆ ಬಲ ಮೊಣಕಾಲು ಹಿಡಿದುಕೊಂಡು ಕಂಬಕ್ಕೆ ಒರಗುತ್ತಾರೆ. ತಮ್ಮ ಸೈಕಲ್ಲಿಗಾಗಿ ನಿಂತಿದ್ದ ಬ್ಯಾಂಕ್ ಅಧಿಕಾರಿಯ ಮುಖ ಪರೀಕ್ಷೆಯ ಫಲಿತಾಂಶ ಕಾಯುವವರ ಮುಖದಂತಿದೆ.

"ಬ್ರೇಕು ಚೆನ್ನಾಗಿ ಹಿಡೀತಿದೆ ಸಾರ್. ಗೇರು ಬದಲಾಯ್ಸುವಾಗ ಚೈನು ಸ್ವಲ್ಪ ಗೊಣಗುತ್ತೆ. ಅದನ್ನ ಸಮಾಧಾನ ಮಾಡಿ ಕೊಡ್ತೀನಿ, ಕೂತ್ಕೊಳ್ಳಿ."

ಈ ಬೀದಿಯಲ್ಲಿ ಇವರನ್ನು ಎಲ್ಲರೂ ಕರೆಯುವುದು ಟ್ರಯಲ್ ಅಕ್ಕ ಎಂದೇ. ರಿಪೇರಿಯಾದ ಯಾವ ಸೈಕಲ್ಲನ್ನೂ ತಾವೇ ಒಂದು ಸುತ್ತು ಓಡಿಸಿ ನೋಡದೆ ಇವರು ಕೈಬಿಟ್ಟು ಕೊಟ್ಟಿಲ್ಲ. ಬರೀ ಪಂಕ್ಚರ್ ಆದರೂ ಅಷ್ಟೆ. ಅವಸರದವರು ಎಷ್ಟು ಗೋಗರೆದರೂ ಜಪ್ಪಯ್ಯ ಅನ್ನುವುದಿಲ್ಲ. ಕೆಲಸ ಕಲಿಸಿದ ಸೋದರಮಾವ ಹಾಕಿಕೊಟ್ಟ ಪದ್ಧತಿ ಅದು. ಅಂಗಡಿಯೂ ಅವರದೇ ಆಗಿತ್ತು.

"ಸ್ಟ್ಯಾಂಡ್ ಹಾಕಿ ಚಕ್ರ ತಿರುಗಿಸಿದ್ರೆ ಎಲ್ಲಾ ಸೈಕಲ್ಲೂ ಸಾಧುನೇ," ಎನ್ನುತ್ತಾರೆ ಅಕ್ಕ, ಎಣ್ಣೆಗೈಯನ್ನು ಬಟ್ಟೆಚೂರಿಗೆ ಒರೆಸಿಕೊಳ್ಳುತ್ತ. "ಮೇಲೆ ಭಾರ ಬಿದ್ದು, ಒಂದು ಏರು ಹತ್ತಿ, ಒಂದು ಗುಂಡಿ ಇಳಿದಾಗ್ಲೇ ಅದರ ಬುದ್ಧಿ ಗೊತ್ತಾಗೋದು."

ಅಂಗಡಿಯೊಳಗೆ ಇಬ್ಬರು ನಿಂತರೆ ಮೂರನೆಯವರು ಬಾಗಿಲಲ್ಲೇ ನಿಲ್ಲಬೇಕು. ಗೋಡೆಗೆ ಸ್ಪ್ಯಾನರುಗಳು, ಸೂರಿನಿಂದ ನೇತುಬಿದ್ದ ಟ್ಯೂಬುಗಳು, ಮೂಲೆಯಲ್ಲಿ ಪಂಕ್ಚರ್ ನೋಡುವ ನೀರಿನ ಬಾಣಲಿ. ಪಕ್ಕದ ಅಂಗಡಿ ಗಂಡನದು. ಅವರು ಟೈಲರ್. ಎರಡೂ ಅಂಗಡಿಗಳ ನಡುವೆ ಇರುವುದು ತೆಳುವಾದ ಹಲಗೆ ಗೋಡೆ. ಇತ್ತ ಸುತ್ತಿಗೆ ಬಿದ್ದರೆ ಅತ್ತ ಹೊಲಿಗೆ ಮೆಷಿನ್ನಿನ ಸೂಜಿ ಅದುರುತ್ತದೆ. ಗಂಡ ಹೆಂಡತಿ ದಿನವಿಡೀ ಮಾತಾಡುವುದು, ಜಗಳವಾಡುವುದು ಎಲ್ಲ ಆ ಹಲಗೆಯ ಮೂಲಕವೇ. ಹೀಗಾಗಿ ಅವರ ಸಂಸಾರದ ಗುಟ್ಟು ಗಿರಾಕಿಗಳಿಗೆಲ್ಲ ಬಾಯಿಪಾಠ.

ದಿನಕ್ಕೆ ಹತ್ತು ಹದಿನೈದು ಸೈಕಲ್ಲುಗಳಾದರೂ ಇಲ್ಲಿಗೆ ಬರುತ್ತವೆ, ಒಂದರಂತೆ ಇನ್ನೊಂದಿಲ್ಲ. ಬ್ಯಾಂಕ್ ಅಧಿಕಾರಿಯ ರೇಸ್ ಸೈಕಲ್ ಎಷ್ಟು ಹಗುರವೆಂದರೆ, ಅವರು ಅದನ್ನು ಓಡಿಸುವುದಕ್ಕಿಂತ ಎರಡು ಬೆರಳಿನಲ್ಲಿ ಎತ್ತಿ ತೋರಿಸುವುದೇ ಹೆಚ್ಚು. ಹಲ್ಲಿನ ಡಾಕ್ಟರದು ಗುಡ್ಡ ಹತ್ತುವ ದಪ್ಪ ಟೈರಿನ ಸೈಕಲ್. ಪಾಪ, ಅದು ಇಲ್ಲಿಯವರೆಗೆ ಗುಡ್ಡದ ಮುಖ ನೋಡಿಲ್ಲ, ರಸ್ತೆ ಅಗೆದಾಗ ಮಣ್ಣಿನ ರಾಶಿಯ ಮೇಲೆ ಹತ್ತಿಳಿದು ಆಸೆ ತೀರಿಸಿಕೊಳ್ಳುತ್ತದೆ. ಸಂಗೀತದ ಮೇಷ್ಟ್ರಿಗೆ ಮಡಚುವ ಸೈಕಲ್. ರೈಲಿನಿಂದ ಇಳಿದು, ಕೊಡೆ ಬಿಚ್ಚಿದಂತೆ ಬಿಚ್ಚಿಕೊಂಡು, ಪುಟ್ಟ ಚಕ್ರಗಳ ಮೇಲೆ ಗಂಭೀರವಾಗಿ ಪಾಠಕ್ಕೆ ಹೊರಡುತ್ತಾರೆ.

ಇನ್ನೊಂದು ಜೋಡಿ ಸೈಕಲ್. ಎರಡು ಸೀಟು, ಎರಡು ಜೊತೆ ಪೆಡಲ್ಲು, ತಿರುಗುವ ಹ್ಯಾಂಡಲ್ಲು ಮಾತ್ರ ಒಂದೇ. ಅದನ್ನಿಟ್ಟುಕೊಂಡ ದಂಪತಿ ಜಗಳವಾದಾಗಲೆಲ್ಲ ಸರ್ವಿಸ್‌ಗೆ ತರುತ್ತಾರೆ. ಹಿಂದೆ ಕೂತವರು ತುಳಿಯುವುದಿಲ್ಲ ಎಂದು ಮುಂದಿನವರ ದೂರು, ಸೈಕಲ್ಲೇ ಭಾರ ಎಂದು ಹಿಂದಿನವರ ವಾದ. ಅದರ ಟ್ರಯಲ್ಲಿಗೆ ಅಕ್ಕ ಟೈಲರನ್ನು ಹಿಂದೆ ಕೂರಿಸಿಕೊಳ್ಳುತ್ತಾರೆ. "ನಮ್ಮನೆಯವ್ರೂ ತುಳಿಯಲ್ಲ," ಎಂದು ಅವರು ತೀರ್ಪು ಕೊಟ್ಟರೆ, ಹಲಗೆಯ ಆಚೆಯಿಂದ ಕೆಮ್ಮು ಕೇಳಿಸುತ್ತದೆ.

ಇಷ್ಟು ಬಗೆಯ ಸೈಕಲ್ಲುಗಳನ್ನು ಓಡಿಸುವ ಅಕ್ಕ ಒಂದರ ಸೀಟನ್ನೂ ಮುಟ್ಟುವುದಿಲ್ಲ. ಎತ್ತರದವರ ಸೈಕಲ್ಲಾದರೆ ನಿಂತು ತುಳಿಯುತ್ತಾರೆ. ಅಡ್ಡಕಂಬಿ ತೀರಾ ಮೇಲಿದ್ದರೆ ಕಂಬಿಯ ಕೆಳಗಿಂದ ಕಾಲು ತೂರಿಸಿ, ಮಕ್ಕಳ ಹಾಗೆ ಒಳಪೆಡಲ್ ಹೊಡೆಯುತ್ತಾರೆ. ಮಕ್ಕಳ ಸೈಕಲ್ಲಾದರೆ ಮೊಣಕಾಲು ಗಲ್ಲಕ್ಕೆ ತಾಗುವಂತೆ ಮುದುಡಿಕೊಂಡು ಹೋಗುತ್ತಾರೆ. ನೋಡಿದವರು ನಗುತ್ತಾರೆ. ಸೀಟು ಇಳಿಸಿಕೊಳ್ಳಬಾರದೇ ಎಂದು ಕೇಳಿದರೆ ಮಾತ್ರ ಅಕ್ಕನ ಮುಖ ಗಂಟಿಕ್ಕುತ್ತದೆ. "ಅವರವರ ಅಳತೆ ಅವರವರದು. ಅದು ನನ್ನ ಕೆಲ್ಸ ಅಲ್ಲ."

ಅದರ ಹಿಂದೊಂದು ಕತೆಯಿದೆ. ಮದುವೆಯಾದ ಹೊಸದರಲ್ಲಿ, ಸೋದರಮಾವನ ಕೈಕೆಳಗೆ ಕಲಿಯುತ್ತಿದ್ದಾಗ, ಬೀದಿಯ ಪೋಸ್ಟ್‌ಮ್ಯಾನ್ ತಮ್ಮ ಕರಿ ಸೈಕಲ್ಲನ್ನು ರಿಪೇರಿಗೆ ಬಿಟ್ಟಿದ್ದರು. ಆಳು ತೆಂಗಿನಮರದಷ್ಟು ಎತ್ತರ. ಅಕ್ಕ ಸೀಟನ್ನು ಪೂರ್ತಿ ಇಳಿಸಿಕೊಂಡು ಟ್ರಯಲ್ ನೋಡಿದರು, ಮೇಲಕ್ಕೆತ್ತುವುದನ್ನು ಮರೆತರು. ಪೋಸ್ಟ್‌ಮ್ಯಾನ್ ಅವಸರದಲ್ಲಿದ್ದರು. ಕಾಗದದ ಚೀಲ ಹೇರಿಕೊಂಡು ಹೊರಟೇಬಿಟ್ಟರು. ದಾರಿಯಲ್ಲಿ ಬೋಲ್ಟು ಸಡಿಲಿಸಲು ಕೈಯಲ್ಲಿ ಸ್ಪ್ಯಾನರ್ ಇಲ್ಲ. ದಿನವಿಡೀ ಹಾಗೇ ಸುತ್ತಿ, ಸಂಜೆ ಕುಂಟುತ್ತ ಬಂದವರು ಗಿರಾಕಿಗಳೆದುರೇ ರೇಗಿದರು. "ನನ್ನ ಕಾಲನ್ನೂ ನಿನ್ನಷ್ಟಕ್ಕೇ ಕತ್ತರಿಸ್ಬಿಡಮ್ಮ! ಇನ್ನು ಮೇಲೆ ಯಾರ ಸೀಟಿಗೂ ಕೈ ಹಾಕ್ಬೇಡ."

ಅವತ್ತು ಅಕ್ಕನಿಗೆ ಭೂಮಿ ಬಾಯ್ಬಿಡಬಾರದೇ ಅನ್ನಿಸಿತ್ತು. ಕೈ ಹಾಕಲಿಲ್ಲ ಅಂದರೆ ಹಾಕಲೇ ಇಲ್ಲ. ಸೋದರಮಾವ ಹೋದರು, ಅಂಗಡಿ ಕೈಗೆ ಬಂತು, ಮಗಳು ಹುಟ್ಟಿ ಬೆಳೆದು ಮದುವೆಯಾಗಿ ಗಂಡನ ಮನೆ ಸೇರಿದಳು. ಅಕ್ಕ ನಿಂತೇ ತುಳಿದರು.

ಈಗ ಮೊಣಕಾಲು ಲೆಕ್ಕ ಕೇಳುತ್ತಿದೆ. ಕಳೆದ ತಿಂಗಳು ಒಂದು ಬೆಳಗ್ಗೆ ಊದಿಕೊಂಡು ಮಡಚಲೇ ಬಾರದಾದಾಗ ಟೈಲರ್ ಬಲವಂತವಾಗಿ ಮೂಳೆ ಡಾಕ್ಟರ ಹತ್ತಿರ ಕರೆದೊಯ್ದರು. ಸೈಕಲ್ ಬಿಡಿ ಎನ್ನುತ್ತಾರೆಂದು ಅಕ್ಕ ಎದೆ ಗಟ್ಟಿ ಮಾಡಿಕೊಂಡು ಕೂತಿದ್ದರು. ಡಾಕ್ಟರು ಹಾಗೆನ್ನಲಿಲ್ಲ.

"ಸೈಕಲ್ ಒಳ್ಳೇದೇ, ಸದ್ಯ ಊತ ಇಳೀಲಿ. ಆದ್ರೆ ನಿಮ್ಮ ಎತ್ತರಕ್ಕೆ ಸರಿಯಾಗಿ ಕೂತ್ಕೊಂಡು ತುಳೀಬೇಕು. ನಿಂತ್ಕೊಂಡು ಏರು ಹತ್ತೋದು, ಮುದುಡ್ಕೊಂಡು ತುಳಿಯೋದು ಇವತ್ತಿಗೇ ನಿಲ್ಬೇಕು. ಇಲ್ದಿದ್ರೆ ಈ ಮಂಡಿ ನಿಮ್ಮ ಕೈಬಿಡುತ್ತೆ. ಅಂದಹಾಗೆ, ನಿಮ್ಮದು ಯಾವ ಸೈಕಲ್?"

"ಎಲ್ಲರದ್ದೂ," ಎಂದರಂತೆ ಅಕ್ಕ.

ಅಲ್ಲಿಂದ ಶುರುವಾಯಿತು ಕಷ್ಟ. ರಿಪೇರಿಗೆ ತೊಂದರೆಯಿಲ್ಲ, ಸ್ಟೂಲಿನ ಮೇಲೆ ಕೂತು ಮಾಡಬಹುದು. ಆದರೆ ಟ್ರಯಲ್ ಇಲ್ಲ, ಟ್ರಯಲ್ ಇಲ್ಲದೆ ಕೊಡುವಂತಿಲ್ಲ. ಸಿದ್ಧವಾದ ಸೈಕಲ್ಲುಗಳು ಮೆಟ್ಟಿಲ ಕೆಳಗೆ ಸಾಲುಗಟ್ಟಿದವು. ಟೈಲರ್ ದೊಡ್ಡ ಮನಸ್ಸು ಮಾಡಿ ತಾವೇ ಟ್ರಯಲ್ಲಿಗೆ ಹೊರಟರು. ರೇಸ್ ಸೈಕಲ್ ಓಡಿಸಿ ಬಂದು "ಚೆನ್ನಾಗಿದೆ" ಎಂದರು. ಮಡಚುವ ಸೈಕಲ್ ಓಡಿಸಿ ಬಂದು "ಚೆನ್ನಾಗಿದೆ" ಎಂದರು. ಗಾಳಿಯೇ ಇಲ್ಲದ ಚಕ್ರದ ಮೇಲೆ ಬೀದಿ ಸುತ್ತಿ ಬಂದು ಅದಕ್ಕೂ ಚೆನ್ನಾಗಿದೆ ಎಂದಾಗ ಅಕ್ಕ ಕೈಮುಗಿದರು. ಎರಡು ದಿನ ನೋಡಿ, ಮೂರನೆಯ ದಿನ ಹಲಗೆಯ ಈಚೆಯಿಂದ ಮೆಲ್ಲಗೆ ಹೇಳಿದರು. "ರೀ, ಅಂಗಡಿ ಮುಚ್ಚಿಬಿಡೋಣ."

ಆಚೆ ಮೆಷಿನ್ ನಿಂತಿತು. "ಮುಚ್ಚೋದ್ಯಾಕೆ? ಸೀಟು ಇಳಿಸ್ಕೋ."

"ಅದೊಂದು ಹೇಳ್ಬೇಡಿ."

ಇದನ್ನೆಲ್ಲ ಹೊರಗೆ ನಿಂತು ಕೇಳಿಸಿಕೊಂಡವರು ಅದೇ ಪೋಸ್ಟ್‌ಮ್ಯಾನ್. ನಿವೃತ್ತರಾಗಿ ವರ್ಷಗಳೇ ಕಳೆದಿವೆ, ತಲೆ ಬೆಳ್ಳಗಾಗಿದೆ. ಕರಿ ಸೈಕಲ್ಲನ್ನು ಮಾತ್ರ ಬಿಟ್ಟಿಲ್ಲ. ರಿಪೇರಿಯಾಗಿ ಕಾಯುತ್ತಿದ್ದ ಸೈಕಲ್ಲುಗಳ ಸಾಲಿನಲ್ಲಿ ಅದೂ ಇತ್ತು. ಏನು ಸಮಾಚಾರ ಎಂದು ಅವರು ಕೇಳಿದರು. ಅಕ್ಕ ಸ್ಪ್ಯಾನರುಗಳನ್ನು ಒರೆಸತೊಡಗಿದರು. ಟೈಲರ್ ಎದ್ದು ಬಂದು, ಅಂದಿನ ಬೈಗುಳದಿಂದ ಹಿಡಿದು ಇಂದಿನ ಮಂಡಿಯವರೆಗೆ ಎಲ್ಲವನ್ನೂ ಹೇಳಿಬಿಟ್ಟರು.

ಪೋಸ್ಟ್‌ಮ್ಯಾನ್ ಬೆಪ್ಪಾಗಿ ನಿಂತರು. "ನಾನಾ? ನಾನು ಹಾಗಂದ್ನಾ?"

"ನೀವೇ ಅಣ್ಣಾ," ಎಂದರು ಅಕ್ಕ. "ಇಲ್ಲೇ, ಇದೇ ಮೆಟ್ಟಿಲ ಹತ್ರ."

"ನಂಗೆ ನೆನಪೇ ಇಲ್ವಲ್ಲ ತಾಯಿ! ಬಿಸಿಲಲ್ಲಿ ಸುತ್ತಿ ಬಂದೋರು ಏನೇನೋ ಅಂತೀವಿ. ಮನೆಗೆ ಹೋಗಿ ನೀರು ಕುಡಿದ್ರೆ ಮರ್ತುಹೋಗುತ್ತೆ. ಅದನ್ನ ಇಷ್ಟು ವರ್ಷ ಹೊತ್ಕೊಂಡು ತಿರುಗಿದ್ಯಾ? ಅದೂ ನಿಂತ್ಕೊಂಡು?"

ಅಕ್ಕನಿಗೆ ಮೊದಲು ಸಿಟ್ಟು ಬಂತು. ಒಬ್ಬರು ಅಂದು ಮರೆತದ್ದನ್ನು ತಾವು ಮಂಡಿ ಸವೆಯುವಷ್ಟು ಕಾಲ ನಡೆಸಿಕೊಂಡು ಬಂದರಲ್ಲ ಎಂದು ಕಣ್ಣಲ್ಲಿ ನೀರೂ ಬಂತು. ಪೋಸ್ಟ್‌ಮ್ಯಾನ್ ಅದನ್ನು ನೋಡಿಯೂ ನೋಡದವರಂತೆ ಗೋಡೆಯಿಂದ ಸ್ಪ್ಯಾನರ್ ತೆಗೆದು ಅವರ ಕೈಗಿಟ್ಟರು. "ತಪ್ಪಾಯ್ತಮ್ಮ. ಊತ ಇಳಿದ ಮೇಲೆ ಮೊದ್ಲು ನನ್ನ ಸೀಟನ್ನೇ ಇಳಿಸು. ಅಲ್ಲಿ ತನಕ ನಾನು ನಡ್ಕೊಂಡೇ ಓಡಾಡ್ತೀನಿ."

ಮರೆತರೆ ಎಂಬ ಭಯಕ್ಕೆ ಟೈಲರ್ ಹತ್ತಿರ ಮದ್ದಿತ್ತು. ಬಟ್ಟೆಗೆ ಗುರುತು ಹಾಕುವ ಚಾಕ್‌ಪೀಸು. ಸೀಟು ಇಳಿಸುವ ಮೊದಲು, ಸೀಟಿನ ಕೊಳವೆ ಎಲ್ಲಿಯವರೆಗೆ ಹೊರಗಿದೆಯೋ ಅಲ್ಲಿ ಒಂದು ಗೆರೆ. ಸಾಲದ್ದಕ್ಕೆ ಕೊರಳಲ್ಲಿ ನೇತಾಡುವ ಟೇಪು ಹಿಡಿದು ಅಳತೆಯನ್ನೂ ತೆಗೆಯುತ್ತಾರೆ. "ಗಿರಾಕಿ ಅಳತೆ ತಪ್ಪಿಸಿದ್ರೆ ಟೈಲರ್ ಅಂತ ಯಾಕ್ ಅನ್ನಿಸ್ಕೋಬೇಕು?" ಎಂದು ಗತ್ತಿನಿಂದ ಕೇಳುತ್ತಾರೆ. ಟ್ರಯಲ್ ಮುಗಿದು ಸೀಟು ಮತ್ತೆ ಗೆರೆ ಮುಟ್ಟಿದ್ದನ್ನು ಅವರು ನೋಡಿ ತಲೆಯಾಡಿಸಿದ ಮೇಲೆಯೇ ಸೈಕಲ್ ಗಿರಾಕಿಯ ಕೈಗೆ.

ಊತ ಇಳಿದ ಮೇಲೆ, ಮಾತಿನಂತೆ ಮೊದಲ ಸರದಿ ಕರಿ ಸೈಕಲ್ಲಿನದು. ಆಮೇಲಿನ ದಿನಗಳಲ್ಲಿ ಸಾಲು ನಿಧಾನವಾಗಿ ಕರಗಿದೆ. ಹಲ್ಲಿನ ಡಾಕ್ಟರ ದಪ್ಪ ಟೈರು ಮೆತ್ತಗೆ ಹೋಗುತ್ತದೆಂದು ಅಕ್ಕನಿಗೆ ಈಗಷ್ಟೇ ತಿಳಿದಿದೆ. "ಅದು ಗುಂಡಿಗಳನ್ನ ನುಂಗ್ಕೊಂಡು ಹೋಗುತ್ತೆ ಕಣ್ರೀ," ಎಂದು ಹಲಗೆಯಾಚೆಗೆ ವರದಿ ಒಪ್ಪಿಸುತ್ತಾರೆ. ಮಡಚುವ ಸೈಕಲ್ಲಿಗೆ ಮಕ್ಕಳ ಚೇಷ್ಟೆಯಿದೆಯಂತೆ, ಸುಮ್ಮನೆ ಒಂದು ಕಡೆ ನಿಲ್ಲುವುದಿಲ್ಲವಂತೆ. ರೇಸ್ ಸೈಕಲ್ಲಿನ ಮೇಲೆ ಬಗ್ಗಿ ಕೂತಾಗ ಗಾಳಿ ದಾರಿ ಬಿಡುತ್ತದಂತೆ. ಇಷ್ಟು ಕಾಲ ಇವರು ಹೇಳುತ್ತಿದ್ದುದು ಚೈನಿನ, ಬ್ರೇಕಿನ, ಚಕ್ರದ ದೂರುಗಳನ್ನು ಮಾತ್ರ. ಹೆಂಡತಿಯ ಬಾಯಲ್ಲಿ ಹೊಗಳಿಕೆ ಕೇಳಿ ಟೈಲರಿಗೆ ಒಂಚೂರು ಹೊಟ್ಟೆಕಿಚ್ಚೂ ಆಗಿರಬೇಕು.

ಇವತ್ತು ಬೆಳಗಿನ ಜಾವ ಬಂದಿರುವುದು ಒಬ್ಬ ಶಾಲಾ ಶಿಕ್ಷಕಿಯ ಸೈಕಲ್. ಹಿಂದೆ ಮುಂದೆ ಚೀಲ ತೂಗುಹಾಕುವ ಕಂಬಿಗಳು, ಉದ್ದನೆಯ ಮೈ, ದೂರದ ದಾರಿಗೆಂದೇ ಮಾಡಿದ್ದು. ರಜೆ ಶುರುವಾದೊಡನೆ ಶಿಕ್ಷಕಿ ಅದರ ಮೇಲೆ ಹೊರಟರೆ ಶಾಲೆ ತೆರೆಯುವ ಹಿಂದಿನ ದಿನವೇ ಮರಳುವುದು. ಮೂರು ರಾಜ್ಯ ಸುತ್ತಿದ್ದಾರೆ. ಇವತ್ತೂ ಅವರ ಚೀಲಗಳು ಮೆಟ್ಟಿಲ ಮೇಲೆ ಸಿದ್ಧವಾಗಿವೆ. ಟೈಲರ್ ಗೆರೆ ಎಳೆಯುತ್ತಾರೆ. ಅಕ್ಕ ಸೀಟನ್ನು ಇಳಿಸಿ, ಹತ್ತಿ, ಬೆನ್ನು ನೆಟ್ಟಗೆ ಮಾಡಿ ಕೂತು, ಇಸ್ತ್ರಿ ಅಂಗಡಿ ದಾಟಿ ಮರೆಯಾಗುತ್ತಾರೆ.

ಹೊತ್ತು ಕಳೆಯುತ್ತದೆ. ಬೀದಿದೀಪ ಆರುತ್ತದೆ. ಶಿಕ್ಷಕಿ ರಸ್ತೆಗಿಳಿದು ಇಣುಕುತ್ತಾರೆ. ಟೈಲರ್ ಟೇಪನ್ನು ಬೆರಳಿಗೆ ಸುತ್ತುತ್ತಾರೆ, ಬಿಚ್ಚುತ್ತಾರೆ. ಮಂಡಿ ಕೈಕೊಟ್ಟಿತೇ, ಎಲ್ಲಾದರೂ ಬಿದ್ದರೇ ಎಂದು ಅವರ ಮುಖ ಸಪ್ಪಗಾಗಿದೆ. ಇನ್ನು ತಡೆಯಲಾರದೆ ಚಪ್ಪಲಿ ಮೆಟ್ಟಿಕೊಂಡು ಹೊರಡುವಷ್ಟರಲ್ಲಿ ಇಳಿಜಾರಿನ ಕೆಳಗಿಂದ ಗಂಟೆಯ ಸದ್ದು ಕೇಳಿಸುತ್ತದೆ. ಅಕ್ಕ ಏರನ್ನು ಕೂತೇ ಹತ್ತಿ ಬರುತ್ತಿದ್ದಾರೆ. ಕೂದಲೆಲ್ಲ ಕೆದರಿ ಹಣೆಗೆ ಅಂಟಿದೆ.

"ಏನಾಯ್ತು ಅಕ್ಕಾ? ಏನಾದ್ರೂ ತೊಂದ್ರೆ ಸಿಕ್ತಾ?" ಶಿಕ್ಷಕಿಗೆ ಗಾಬರಿ.

ಅಕ್ಕ ಇಳಿದು, ಸೈಕಲ್ಲನ್ನು ಗಂಡನ ಕೈಗೆ ಕೊಟ್ಟು, ಅಂಗಿಯ ತೋಳಿನಿಂದಲೇ ಮುಖ ಒರೆಸಿಕೊಳ್ಳುತ್ತಾರೆ.

"ಏನೂ ಇಲ್ಲ ಮೇಡಂ, ಎಲ್ಲಾ ಸರಿಯಾಗಿದೆ. ಟ್ಯಾಂಕ್ ಹತ್ರ ವಾಪಸ್ ತಿರುಗ್ಬೇಕು ಅನ್ನೋದೇ ಮರ್ತುಹೋಯ್ತು. ರಜೆ ಬಂದ್ರೆ ನೀವ್ಯಾಕೆ ಮನೇಲಿ ನಿಲ್ಲಲ್ಲ ಅಂತ ಇವತ್ತು ಗೊತ್ತಾಯ್ತು ನೋಡಿ."