ಬೀಳ್ಕೊಡುವ ಮಾತು ಮತ್ತು ನನ್ನ ಎಂ.ಎ.

ಐವತ್ತು ದಾಟಿದ ಮೇಲೆ ದೂರಶಿಕ್ಷಣದಲ್ಲಿ ತತ್ವಶಾಸ್ತ್ರದ ಎಂ.ಎ.ಗೆ ಸೇರಿದ್ದು ನನ್ನದೇ ಕರ್ಮ, ಯಾರನ್ನೂ ದೂರುವುದಿಲ್ಲ. ಇಲ್ಲಿ ಗಲ್ಫಿನಲ್ಲಿ, ಆಫೀಸಿನಿಂದ ಫರ್ವಾನಿಯಾದ ರೂಮಿಗೆ ಬರುವ ಬಸ್ಸಿನಲ್ಲಿ ಓದುತ್ತಿದ್ದೆ. ಕಳೆದ ಶತಮಾನದ ಕೆಲವು ಬ್ರಿಟಿಷ್ ಪ್ರೊಫೆಸರರ ಪಾಠ ಬಂದಾಗ ತಲೆ ಚಿಟ್ಟು ಹಿಡಿಯಿತು. ಮಾತಿನ ಅರ್ಥವನ್ನು ಬೇರೆಲ್ಲೋ ಹುಡುಕಬೇಡಿ, ಜನ ದಿನನಿತ್ಯ ಅದನ್ನು ಹೇಗೆ ಬಳಸುತ್ತಾರೆ ನೋಡಿ ಎನ್ನುತ್ತಾರೆ ಅವರು. ಕೆಲವು ಮಾತುಗಳು ಏನನ್ನೂ ತಿಳಿಸುವುದಿಲ್ಲವಂತೆ, ಆಡಿದ ಕೂಡಲೇ ಒಂದು ಕೆಲಸವನ್ನೇ ಮಾಡಿಬಿಡುತ್ತವಂತೆ. ಸರಿ, ನನ್ನ ದಿನನಿತ್ಯದ ಮಾತು ಯಾವುದು? ಕನಸು ಬೀಳುವುದು ತುಳುವಿನಲ್ಲಿ, ಬೈಸಿಕೊಳ್ಳುವುದು ಅರಬಿಯಲ್ಲಿ, ಡ್ರೈವರ್‌ಗಳ ಜತೆ ಹಿಂದಿ. ಊರಲ್ಲಿರುವ ಮಗಳಿಗೆ ಫೋನಿನಲ್ಲಿ ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರ.

ರೂಮಿನಲ್ಲಿ ಜತೆಗಿದ್ದ ಬ್ಯಾರಿ ಗೆಳೆಯನಿಗೆ ಇದೆಲ್ಲ ತಮಾಷೆ. "ಎಂತ ಮಾರಾಯ, ಮಾತಾಡ್ಲಿಕ್ಕೂ ಪರೀಕ್ಷೆ ಪಾಸಾಗ್ಬೇಕಾ ನಿಂಗೆ?" ಎನ್ನುತ್ತ ಚಹಾ ಕೊಡುತ್ತಿದ್ದ.

ಆ ವರ್ಷವೇ ಅವನಿಗೆ ವೀಸಾ ಕೊಟ್ಟಿದ್ದ ಅರಬಿ ಮಾಲಿಕ, ಅವನ ಕಫೀಲ, ಅಂಗಡಿ ಮುಚ್ಚಿದ; ಈ ದೇಶದಲ್ಲಿರಲು ಬೇಕಾದ ಇಕಾಮಾ ರದ್ದಾಯಿತು. ಆ ವಯಸ್ಸಿನಲ್ಲಿ ಬೇರೆ ಯಾರೂ ಕೆಲಸ ಕೊಡಲಿಲ್ಲ. "ಖಲಾಸ್. ಇನ್ನು ಈ ಕಡೆ ತಲೆ ಹಾಕ್ಲಿಕ್ಕಿಲ್ಲ" ಎಂದು ರಟ್ಟಿನ ಪೆಟ್ಟಿಗೆಗೆ ಹಗ್ಗ ಬಿಗಿದ. ಇಪ್ಪತ್ತು ವರ್ಷ ಒಂದೇ ಪಾತ್ರೆಯ ಅನ್ನ ಉಂಡವರು ನಾವು. ಅವನನ್ನು ಚೆನ್ನಾಗಿ ಕಳಿಸಿಕೊಡಬೇಕು ಅನ್ನುವುದೊಂದೇ ನನಗಿದ್ದ ಚಿಂತೆ.

ಏರ್‌ಪೋರ್ಟಿನಲ್ಲಿ ಬೀಳ್ಕೊಡಲು ಬಾಯಿ ತೆರೆದೆ. ನಮ್ಮ ಕಡೆ ಹೊರಟವರಿಗೆ "ಹೋಗು" ಅನ್ನುವ ಹಾಗಿಲ್ಲ, ಅಪಶಕುನ. "ಹೋಗಿ ಬಾ" ಅನ್ನಬೇಕು. ಇವನೋ ಬರುವವನಲ್ಲ. ಹಾಗಾದರೆ ಅದು ಸುಳ್ಳಾ? ಹಾರೈಕೆಯಾ? ಅಪ್ಪಣೆಯಾ? ಹಾಳಾದ ಪ್ರೊಫೆಸರರು! ಇಷ್ಟು ವರ್ಷ ಯೋಚಿಸದೆ ಆಡಿದ ಮಾತು ಈಗ ನಾಲಗೆಗೆ ಬರಲೊಲ್ಲದು. "ಊರು ಮುಟ್ಟಿದ ಕೂಡ್ಲೇ ಫೋನ್ ಮಾಡು" ಅಂದೆ. "ಬಿಪಿ ಮಾತ್ರೆ ಮರೀಬೇಡ" ಅಂದೆ.

ಎಲ್ಲದಕ್ಕೂ ತಲೆಯಾಡಿಸಿದ, ಟ್ರಾಲಿ ಮಾತ್ರ ತಳ್ಳಲಿಲ್ಲ. ಹಿಂದಿನವರು "ಯಲ್ಲಾ, ಯಲ್ಲಾ" ಎಂದು ಅವಸರಪಡಿಸಿದರು. ಇವನು ಕದಲಲೇ ಇಲ್ಲ. ನನಗೆ ಸಿಟ್ಟೇ ಬಂತು.

"ಎಂತ ನಿಂತದ್ದು ಮಾರಾಯ? ವಿಮಾನ ತಪ್ತದೆ!"

"ನೀನು ಹೇಳದೆ ನಾನು ಹೇಗೆ ಹೋಗುದು?" ಎಂದ. ಕಣ್ಣು ತುಂಬಿತ್ತು.

"ಹೋಗಿ ಬಾ" ಅಂದೆ.

"ಆಯ್ತು, ಬರ್ತೇನೆ" ಎಂದ. ಟ್ರಾಲಿ ತಳ್ಳಿಕೊಂಡು ಹೋಗಿಯೇ ಬಿಟ್ಟ.